ಆರು ಪೈಪು, ಒಂದು ಗೆರಟೆ

ಎಂ.ಎಸ್ಸಿ. ಪ್ರಬಂಧಕ್ಕಾಗಿ ನಾನು ಮನೆಯ ಹಿಂದೆ ಆರು ಪಿವಿಸಿ ಪೈಪುಗಳನ್ನು ಸಾಲಾಗಿ ನಿಲ್ಲಿಸಿದ್ದೆ. ಮೂರರಲ್ಲಿ ಶಿರಿಯ ಹೊಳೆಬದಿಯ ಹೊಯಿಗೆ, ಎಂದರೆ ಮರಳು; ಮೂರರಲ್ಲಿ ಪುತ್ತಿಗೆಯ ಗುಡ್ಡದಲ್ಲಿ ಬಾವಿ ತೋಡಿದವರು ಆಳದಿಂದ ಎತ್ತಿಹಾಕಿದ ಕೆಂಪು ಮಣ್ಣು. ಮೊದಲ ದಿನ ನೈಟ್ರೇಟ್ ಬೆರೆಸಿದ ನೀರು, ಆಮೇಲೆ ದಿನವೂ ಬರೀ ನೀರು. ಕೆಳಗಿನ ಬಾಟ್ಲಿಗೆ ನೈಟ್ರೇಟ್ ಎಷ್ಟು ಇಳಿಯಿತೆಂದು ಅಳೆಯುವುದು ನನ್ನ ಕೆಲಸ. ನಾವು ನಾಗನ ಕಲ್ಲು ಹಾಕಿಸಿದ್ದೇವೆಂದುಕೊಂಡು ನೆರೆಮನೆಯವರು ಬೇಲಿಯಾಚೆಯಿಂದಲೇ ಕೈಮುಗಿದರು. ನಾನು ತಿದ್ದಲಿಲ್ಲ. ಯಾರೂ ಮುಟ್ಟದಿದ್ದರೆ ಸಾಕಿತ್ತು.

ನೈಟ್ರೇಟಿನದು ಋಣ ವಿದ್ಯುದಂಶ, ಹೆಚ್ಚಿನ ಮಣ್ಣಿನದೂ ಅದೇ. ಮಾತು ಬಿಟ್ಟ ಭಾವಂದಿರ ಹಾಗೆ ಪರಸ್ಪರ ದೂರ ಸರಿಯುತ್ತವೆ. ಮಳೆ ಬಂದರೆ ನೈಟ್ರೇಟ್ ಬಾವಿಯ ದಾರಿ ಹಿಡಿಯುತ್ತದೆ. ಕೆಂಪು ಮಣ್ಣಿನ ಆಳದಲ್ಲಿ ಮಾತ್ರ ಕಬ್ಬಿಣದ ತುಕ್ಕಿನ ಕಣಗಳು ಧನ ವಿದ್ಯುದಂಶ ಹೊತ್ತು ಅದನ್ನು ಹಿಡಿದು ಕೂರಿಸುತ್ತವೆ. ಪುಸ್ತಕ ಹೀಗೆ ಹೇಳುತ್ತದೆ. ನನ್ನ ಪೈಪುಗಳೂ ಹೇಳಬೇಕಿತ್ತು.

ಮೊದಲು ಹೇಳಿದವು. ಹೊಯಿಗೆಯ ನೈಟ್ರೇಟ್ ಪೂರ್ತಿ ಇಳಿದುಹೋಯಿತು, ಕೆಂಪು ಮಣ್ಣಿನದು ನಿಂತಿತು. ಆದರೆ ಐದನೇ ವಾರ ಖಾಲಿಯಾಗಿದ್ದ ಹೊಯಿಗೆಯಿಂದ ಮತ್ತೆ ನೈಟ್ರೇಟ್ ಸುರಿಯತೊಡಗಿತು. ನಾನು ಹಾಕಿರಲಿಲ್ಲ. ಅಧ್ಯಾಯ ಒಪ್ಪಿಸಲು ಹತ್ತು ದಿನವಿತ್ತು. ಹೊಸದಾಗಿ ಶುರು ಮಾಡಿದರೆ ಎರಡು ತಿಂಗಳು ಬೇಕು.

ತನಿಖೆ ಬೇಗ ಮುಗಿಯಿತು. ನಮ್ಮ ದನದ ಹಟ್ಟಿ ನೋಡಿಕೊಳ್ಳುವುದು ಅಪ್ಪನ ಅಕ್ಕ. ಮಣ್ಣು ಕಂಡಲ್ಲಿ ತೆಂಗಿನ ಗೆರಟೆಯಲ್ಲಿ ಗೋಮೂತ್ರ ಹೊಯ್ಯುವುದು ಅತ್ತೆಯ ಪಾಲಿಗೆ, ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಟ್ಟಷ್ಟೇ ಸಹಜ. ಮೂರನೇ ವಾರ, ನಾನು ಲ್ಯಾಬಿಗೆ ಹೋದ ದಿನ, ಉಪಚಾರ ನಡೆದಿತ್ತು.

"ದಿನಾ ನೀರು ಹಾಕ್ತಿ, ಒಂದು ಚಿಗುರು ಸಹ ಇಲ್ಲ. ನೋಡಿ ನನಗೇ ನಾಚಿಕೆ ಆಯಿತು," ಎಂದರು.

ಬೀಜವನ್ನೇ ಹಾಕಿಲ್ಲ ಎಂದೆ.

"ಬೀಜ ಹಾಕದೆ ನೀರು ಹಾಕ್ಲಿಕ್ಕೆ ಯೂನಿವರ್ಸಿಟಿ ಬೇಕಾ ಮಾರಾಯ್ತಿ?"

ಯಾವ ಪೈಪಿಗೆ ಹೊಯ್ದಿರಿ ಎಂದು ಕೇಳಿದ್ದಕ್ಕೆ ಅವರಿಗೆ ಅವಮಾನವಾಯಿತು.

"ಆರಕ್ಕೂ. ಒಂದೊಂದು ಗೆರಟೆ, ತುಂಬ. ನನ್ನಲ್ಲಿ ಪಂಕ್ತಿಭೇದ ಇಲ್ಲ."

ನಾನು ಬದುಕಿದೆ. ಆರಕ್ಕೂ ಒಂದೇ ಅಳತೆ. ಮಣ್ಣಿನೊಳಗೆ ಮೂತ್ರ ಎರಡು ವಾರದಲ್ಲಿ ನೈಟ್ರೇಟ್ ಆಗಿದೆ. ಹೊಯಿಗೆ ಬಿಟ್ಟುಕೊಟ್ಟಿದೆ, ಕೆಂಪು ಮಣ್ಣು ಈಗಲೂ ಬಿಟ್ಟಿಲ್ಲ. ಫೋನಿನಲ್ಲಿ ಎಲ್ಲ ಕೇಳಿದ ಗೈಡ್, ನಡೆದದ್ದನ್ನು ನಡೆದ ಹಾಗೆ ಬರೆಯಲು ಹೇಳಿದರು. ಆದರೆ ಪ್ರಮಾಣ ಖಚಿತವಿರಬೇಕು, ಅದೇ ಹಸುವಿನ ಮೂತ್ರದ ಪರೀಕ್ಷೆಯೂ ಆಗಬೇಕು.

ಗೆರಟೆಗೆ ನೀರು ತುಂಬಿ ಮೂರು ಸಲ ಅಳೆದೆ. ಪ್ರತಿ ಸಲವೂ ಅಂಚಿಗೆ ಒಂದು ಹನಿ ಕಡಿಮೆಯಾಯಿತೆಂದು ಅತ್ತೆ ತಕರಾರು ತೆಗೆದರು. ಪ್ರಬಂಧದಲ್ಲಿ ತಾನು ಜಿಪುಣಿಯೆಂದು ದಾಖಲಾಗುವುದು ಅವರಿಗೆ ಬೇಡವಾಗಿತ್ತು. ಮರುದಿನ ಬೆಳಗ್ಗಿನ ಬಸ್ಸಿನಲ್ಲಿ ಗೋಮೂತ್ರದ ಬಾಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಪಕ್ಕದ ಸೀಟು ಕೊನೆಯವರೆಗೂ ಖಾಲಿಯಿತ್ತು.