ಕಾಶೀಬಾಯಿಯ ಎದೆಯಲ್ಲಿ ಕೈಗೆ ಸಿಕ್ಕ ಗಂಟು

ಬುದ್ಧಿಗೆ ನಿಲುಕದ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನರ್ಸ್ ಕೆಲಸ ಮಾಡುವವಳಿಗೆ ಕಣ್ಣಿಗೆ ಕಂಡದ್ದು, ಕೈಗೆ ತಾಗಿದ್ದು ಅಷ್ಟೇ ನಿಜ. ಅಂಥವಳಿಗೆ ಕೈಯೇ ಹೀಗೆ ಮಾಡಿತು. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಹಳ್ಳಿಯ ಹೆಂಗಸರು ಸ್ತನ ಕ್ಯಾನ್ಸರ್ ತಪಾಸಣೆಗೆ ಯಾಕೆ ಬರುವುದಿಲ್ಲ, ರೋಗ ಗೊತ್ತಾದ ಮೇಲೆ ಯಾವ ಚಿಕಿತ್ಸೆಯೆಂದು ಮನೆಯಲ್ಲಿ ಯಾರು ತೀರ್ಮಾನಿಸುತ್ತಾರೆ ಎಂದು ತಿಳಿಯುವ ಸಂಶೋಧನೆಯೊಂದರಲ್ಲಿ ಆಗ ನಾನಿದ್ದೆ. ಬಸವಕಲ್ಯಾಣದ ಮನೆಯಿಂದ ಬಸ್ಸು ಹಿಡಿದು ಹುಮನಾಬಾದಿಗೆ, ಅಲ್ಲಿಂದ ಜೀಪಿನಲ್ಲಿ ಹಳ್ಳಿಗಳಿಗೆ. ಹೆಂಗಸರನ್ನು ಮಾತಾಡಿಸುವುದು, ಒಪ್ಪಿದವರ ಎದೆಯನ್ನು ಮುಟ್ಟಿ ಪರೀಕ್ಷಿಸುವುದು, ಸಂಶಯವಿದ್ದರೆ ನಮ್ಮ ತಂಡದ ಡಾಕ್ಟರಮ್ಮನಿಗೆ ತೋರಿಸುವುದು ನನ್ನ ಕೆಲಸ.

ಒಂದು ಮಧ್ಯಾಹ್ನ ಹುಡಗಿ ಗ್ರಾಮದ ಶಾಲೆಯ ಕೋಣೆಗೆ ಕಾಶೀಬಾಯಿ ಎಂಬ ಆಡು ಮೇಯಿಸುವ ಹೆಂಗಸು ಬಂದಳು. ಪರದೆಯ ಹಿಂದೆ ಕುಪ್ಪಸ ಬಿಚ್ಚಲು ಅವಳಿಗೆ ಬಹಳ ಸಂಕೋಚ.

"ನಮ್ಮ ಮನ್ಯಾಗಿನವರ ಮುಂದನೂ ಬೆಳಕಿನ್ಯಾಗ ಹಿಂಗ ಕುಂತಿಲ್ಲರಿ, ಸಿಸ್ಟರ್."

"ನಾನೂ ಹೆಣ್ಣೇ ಅಲ್ಲೇನ್ರಿ? ನಾಚಿಗಿ ಯಾಕ?" ಎಂದೆ.

ಎಡ ಎದೆಯಲ್ಲಿ, ಕಂಕುಳ ಕಡೆಗೆ, ಬೆರಳಿಗೆ ಗಂಟು ಸಿಕ್ಕಿತು. ಕಡಲೆಕಾಳಿನಷ್ಟು, ಗಟ್ಟಿ, ಒತ್ತಿದರೆ ಜಾರದು. ಮತ್ತೆ ಮುಟ್ಟಿದೆ. ಅಲ್ಲೇ ಇತ್ತು. ನನ್ನ ಮುಖ ನೋಡಿಯೇ ಕಾಶೀಬಾಯಿ ಅಳತೊಡಗಿದಳು. ಡಾಕ್ಟರಮ್ಮ ಬಂದು ಬಹಳ ಹೊತ್ತು ಪರೀಕ್ಷಿಸಿ, "ಏನೂ ಸಿಗ್ತಿಲ್ಲವಲ್ಲ" ಎಂದರು. ತೋರಿಸಲು ಹೋದರೆ ನನ್ನ ಕೈಗೂ ಸಿಗಲಿಲ್ಲ. ಆದರೂ ಅವಳನ್ನು ಹುಮನಾಬಾದಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆವು. ಎದೆಯಲ್ಲಿ ಏನೂ ಇರಲಿಲ್ಲ.

"ಹಿಂಗ ಹೆದರಿಸಬಾರದಿತ್ತರಿ. ಜೀವ ಹೋಗಿ ಬಂದಂಗಾತು," ಎಂದಳು.

ಸಂಜೆ ಮನೆಯಲ್ಲಿ ಸೀರೆ ಬದಲಿಸುವಾಗ ಕೈ ತಾನಾಗಿ ನನ್ನ ಎಡ ಎದೆಗೆ ಹೋಯಿತು. ಅದೇ ಜಾಗ. ಅದೇ ಗಾತ್ರ. ಒತ್ತಿದರೆ ಜಾರದ ಅದೇ ಗಂಟು. ಭಯಕ್ಕಿಂತ ಮೊದಲು ಬಂದದ್ದು ನಾಚಿಕೆ. ಊರೂರಿಗೆ ಹೋಗಿ ಹೀಗೆ ನೋಡಿಕೊಳ್ಳಿ ಎಂದು ಕಲಿಸುತ್ತಿದ್ದ ನಾನು, ನನ್ನ ಮೈಯನ್ನು ಒಮ್ಮೆಯೂ ಮುಟ್ಟಿ ನೋಡಿಕೊಂಡಿರಲಿಲ್ಲ.

ಪರೀಕ್ಷೆ ಮಾಡಿಸಿದಾಗ ಅದು ಕ್ಯಾನ್ಸರೇ ಎಂದು ಗೊತ್ತಾಯಿತು, ಇನ್ನೂ ಮೊದಲ ಹಂತದ್ದು. ಗಂಟಷ್ಟೇ ತೆಗೆದು ರೇಡಿಯೇಷನ್ ಕೊಡಬಹುದು, ಇಲ್ಲವೆ ಇಡೀ ಸ್ತನ ತೆಗೆಯಬಹುದು, ನಿಮ್ಮ ವಿಷಯದಲ್ಲಿ ಎರಡೂ ಸಮ, ನೀವೇ ಹೇಳಿ ಎಂದರು ಸರ್ಜನ್. ನಾನು ಗಂಡನ ಮುಖ ನೋಡಿದೆ. ಎಷ್ಟು ಹೆಂಗಸರು ಹಾಗೆ ಗಂಡನತ್ತ ತಿರುಗಿದ್ದನ್ನು ನೋಡಿ ನಾನು ಒಳಗೊಳಗೇ ಬೇಸರಪಟ್ಟಿದ್ದೆ!

"ನನ್ನ ಯಾಕ ನೋಡ್ತಿ? ಮೈ ನಿಂದು, ನೀನ ಹೇಳು," ಎಂದರು ಅವರು. ಗಂಟಷ್ಟೇ ಸಾಕು ಎಂದು ಹೇಗೋ ಹೇಳಿದೆ.

ಚಿಕಿತ್ಸೆ ಮುಗಿದು ಚೇತರಿಸಿಕೊಂಡ ಮೇಲೆ ಹುಡಗಿ ಗ್ರಾಮಕ್ಕೆ ಹೋಗಿ ಕಾಶೀಬಾಯಿಗೆ ಎಲ್ಲವನ್ನೂ ಹೇಳಿದೆ. ಬೆರಳು ತಪ್ಪಿತೆನ್ನಲು ಆಗುವುದಿಲ್ಲ, ಅವಳ ಎದೆಯಲ್ಲಿ ಸಿಕ್ಕ ಆ ಗಂಟಿನ ಗಟ್ಟಿತನ ಇನ್ನೂ ನೆನಪಿದೆ. ಒಳಗಿನ ಅರಿವು ಎನ್ನೋಣವೆಂದರೆ ಅಂಥದ್ದನ್ನು ನಾನು ನಂಬಿದವಳಲ್ಲ. ಅವಳು ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಮೆಲ್ಲಗೆ ಕೇಳಿದಳು:

"ಹಂಗಾದ್ರ ಅವತ್ತ ನೀವು ಮುಟ್ಟಿದ್ದು ಯಾರ್ನರಿ, ಸಿಸ್ಟರ್?"