ಹುಳದ ಮನೆ ಬಾಗಿಲಲ್ಲಿ ಕೆಮ್ಮಿದ್ದು

ಕೆಮ್ಮಿದರೆ, ಸೀನಿದರೆ, ಸೊಪ್ಪಿನ ಹೊರೆ ಎತ್ತಿದರೆ ನನಗೆ ಉಚ್ಚೆ ಸೋರುತ್ತಿತ್ತು. ಹೇಳಲು ನಾಚಿಕೆ ಯಾಕೆ? ವಿರೂಪಾಕ್ಷಿಪುರದ ಕಡೆ ಎಷ್ಟೋ ಹೆಂಗಸರಿಗೆ ಹೀಗಿದೆ, ಯಾರೂ ಬಾಯಿ ಬಿಡುವುದಿಲ್ಲ.

ಕುಡಿಯದಿದ್ದರೆ ಸೋರುವುದಿಲ್ಲ ಎಂದುಕೊಂಡು ನೀರು ಬಿಟ್ಟೆ. ಸೋರುವುದು ನಿಲ್ಲಲಿಲ್ಲ, ನಾತ ಮಾತ್ರ ಹೆಚ್ಚಾಯಿತು. ನಾವು ರೇಷ್ಮೆ ಹುಳ ಸಾಕುವವರು, ಹುಳಕ್ಕೆ ನಾತ ಆಗುವುದಿಲ್ಲ. ಒಗ್ಗರಣೆ ವಾಸನೆ ಹಿಡಿದ ಸೀರೆಯಲ್ಲೂ ನಾವು ಹುಳದ ಮನೆಗೆ ಕಾಲಿಡುವುದಿಲ್ಲ. ಒಂದು ದಿನ ಹುಳದ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಾಗ ಸೀನು ಬಂತು. ನನ್ನ ವಾರಗಿತ್ತಿ ಮೂಗು ಮುಚ್ಚಿಕೊಂಡಳು.

“ಅಕ್ಕಾ, ಹುಳ ಕೆಟ್ಟೋಯ್ತವೆ. ಇನ್ಮೇಲೆ ಒಳಿಕ್ಕೆ ಬರ್ಬ್ಯಾಡ. ಹೊರಗೇ ಸೊಪ್ಪು ಹೆಚ್ಕೊಂಡಿರು.”

ಮದುವೆಯಾಗಿ ಬಂದಾಗಿನಿಂದ ಆ ಮನೆಯ ಹುಳ ಸಾಕಿದವಳು ನಾನು. ಆದರೆ ಅವಳ ಮಾತು ಸರಿಯಾಗಿತ್ತು. ಮಾರನೆಯ ದಿನವೇ ಮಗಳನ್ನು ಕರೆದುಕೊಂಡು ರಾಮನಗರದ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂತ್ರಕೋಶಕ್ಕೆ ನೀರು ತುಂಬಿಸಿ, “ಜೋರಾಗಿ ಕೆಮ್ಮಿ ಅಮ್ಮ” ಎಂದರು. ಕೆಮ್ಮಿದೆ. ಅವರೇ ಕಣ್ಣಾರೆ ನೋಡಿದರು.

“ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ.”

“ಹೊಟ್ಟೆ ಕುಯ್ಯೋದಾದ್ರೆ ನಂಗ್ ಬ್ಯಾಡ ಕಣವ್ವ.”

“ಹೊಟ್ಟೆ ಮುಟ್ಟೋದೇ ಇಲ್ಲ. ಉಚ್ಚೆ ಬರೋ ನಾಳದ ಕೆಳಗೆ ಒಂದು ಪಟ್ಟಿ ಕೂರಿಸ್ತೀವಿ. ಜೋಲಿ ಥರ ಹಿಡ್ಕೊಂಡಿರುತ್ತೆ. ಕೆಳಗೊಂದು, ತೊಡೆ ಸಂದೀಲಿ ಎರಡು, ಸಣ್ಣ ಗಾಯ ಅಷ್ಟೇ.”

ಹೊಟ್ಟೆ ಕುಯ್ಯುವುದಿಲ್ಲವಲ್ಲ ಎಂದು ಒಪ್ಪಿಕೊಂಡೆ. ಆಪರೇಷನ್ ದಿನ ಸೊಂಟಕ್ಕೆ ಸೂಜಿ ಚುಚ್ಚಿದರು, ಕಾಲು ಮರಗಟ್ಟಿತು. ಶುರು ಮಾಡುವುದು ಯಾವಾಗ ಎಂದು ಕೇಳುವಷ್ಟರಲ್ಲಿ ಮುಗಿಯಿತು ಎಂದರು.

ಮನೆಗೆ ನೋಡಲು ಬಂದವರಿಗೆಲ್ಲ ಹೊಲಿಗೆ ನೋಡುವ ಆಸೆ. ಬ್ರೆಡ್ಡು, ಬಿಸ್ಕತ್ತು ತಂದಿದ್ದಾರೆ, ಏನಾದರೂ ತೋರಿಸಬೇಕಲ್ಲ! ಪಕ್ಕದ ಮನೆಯವಳು ನನ್ನ ಸೆರಗು ಸರಿಸಿ ಹೊಟ್ಟೆ ನೋಡಿ, “ಏನೂ ಮಾಡೇ ಇಲ್ವಲ್ಲ, ಮೋಸ ಮಾಡವ್ರೆ” ಎಂದಳು.

“ಗಾಯ ಎಲ್ಲೈತೆ ಅಂತ ನಿನ್ ಗಂಡುನ್ ಮುಂದೆ ತೋರಿಸ್ಲಾ?” ಎಂದೆ. ಬಿಸ್ಕತ್ತು ಅಲ್ಲೇ ಇಟ್ಟು ಹೋದಳು.

ಭಾರ ಎತ್ತಬಾರದು ಎಂದಿದ್ದರಿಂದ ಒಂದು ಬೆಳೆ ಹುಳ ನಾನಿಲ್ಲದೆ ಗೂಡು ಕಟ್ಟಿತು. ಹೊಟ್ಟೆ ಉರಿಯಿತು, ಆದರೂ ಕೂತೆ. ಮುಂದಿನ ಬೆಳೆಗೆ ಡಾಕ್ಟರಮ್ಮ ಹೂಂ ಎಂದರು. ಅವತ್ತು ಬೆಳಿಗ್ಗೆ ಚೊಂಬು ತುಂಬ ನೀರು ಕುಡಿದು, ಒಗೆದ ಸೀರೆ ಉಟ್ಟು, ಸೊಪ್ಪಿನ ಹೊರೆ ತಲೆಗೇರಿಸಿ ಹುಳದ ಮನೆಗೆ ಹೋದೆ. ವಾರಗಿತ್ತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊರೆ ಇಳಿಸದೆಯೇ ಕೆಮ್ಮಿದೆ. ಮತ್ತೆ ಇನ್ನೂ ಜೋರಾಗಿ ಕೆಮ್ಮಿದೆ. ಒಂದು ಹನಿ ಇಲ್ಲ.

“ಇನ್ನೊಂದ್ಸಲ ಕೆಮ್ಲೇನೇ?”

“ಸಾಕು ಬಾರಕ್ಕ, ಹುಳ ಹಸ್ಕೊಂಡವೆ.”

ತಟ್ಟೆಯ ಹಿಕ್ಕೆ ಬಳಿಯುವ ಕೆಲಸ ಅವಳಿಗೆ ಹೇಳಿದೆ. ಸೊಪ್ಪು ನಾನೇ ಹರಡಿದೆ.