ಬೊಗ್ಗನಿಗೆ ಬಾಗಿಲು ತೆಗೆದದ್ದು

ಮುಟ್ಟಳ್ಳಿಯ ವಿನುತಾಳ ಸಿಟ್ಟು ಎಂಥದ್ದು ಅಂತ ಭಟ್ಕಳ–ಕುಮಟೆ ಬಸ್ಸಿನ ಮೆಟ್ಟಿಲ ಮೇಲೆ ನೇತಾಡುವ ಹುಡುಗರನ್ನು ಕೇಳಬೇಕು. ಹದಿನಾರು ವರ್ಷದಿಂದ ಅವಳು ಕಂಡಕ್ಟರ್. ಅವಳ ಸೀಟಿಯ ಸದ್ದಿಗಿಂತ ಕಣ್ಣಿಗೆ ಹೆದರಿ ಒಳಗೆ ಸರಿದವರೇ ಹೆಚ್ಚು. ಆದರೆ ಆ ಸಿಟ್ಟನ್ನು ಟಿಕೆಟ್ ಮಷಿನ್ನಿನ ಜೊತೆಗೇ ಡಿಪೋದಲ್ಲಿ ಒಪ್ಪಿಸಿ ಬರುವ ಹೆಂಗಸು ಅವಳು. ಮನೆಯ ಹೊಸಿಲು ದಾಟಿಸಿದ್ದು ಒಂದೇ ಸಲ, ಅದೂ ಒಂದು ನಾಯಿಮರಿಯ ಉಚ್ಚೆಯ ದೆಸೆಯಿಂದ.

ಮರಿ ಸಿಕ್ಕಿದ್ದು ಬಸ್ಸಿನ ಚಕ್ರದ ಹಿಂದೆ. ಬೊಗ್ಗ ಅಂತ ಹೆಸರಿಟ್ಟು ತಂದಳು. ಹಿಂದಿದ್ದ ನಾಯಿಯನ್ನು ರಾತ್ರಿ ಜಗಲಿಯಿಂದಲೇ ಚಿರತೆ ಹೊತ್ತೊಯ್ದಿತ್ತು. ಹಾಗಾಗಿ ಇದು ಒಳಗೇ ಬೆಳೆಯಲಿ ಅಂದಳು. ಒಳಗೆ ಅಂದರೆ ಎಂಥಾ ಒಳಗೆ! ಗಂಡ ಮೋಹನ ಟೈಲ್ಸ್ ಹಾಕುವವನು. ಊರಿನ ಮನೆಗಳಿಗೆಲ್ಲ ಹಾಕಿ ಹಾಕಿ, ಕೊನೆಗೆ ತನ್ನ ಮನೆಗೆ ತಾನೇ ಮಂಡಿಯೂರಿ ಹಾಕಿದ ಹಾಲಿನಂಥ ನೆಲ. ಬೊಗ್ಗ ಅದರ ಮೇಲೆ ದಿನಕ್ಕೆ ಏಳು ಸಲ ಉಚ್ಚೆ ಹೊಯ್ಯುತ್ತಿತ್ತು.

ಆ ದಿನ ನಾಲ್ಕು ಗಂಟೆಗೆ ಡ್ಯೂಟಿ ಮುಗಿಸಿ ಬಂದರೆ, ಕಾಲಿಗೆ ಸುತ್ತಿಕೊಳ್ಳುವ ಮರಿ ಕಾಣಲಿಲ್ಲ. ಬಾಗಿಲ ಬಳಿ ಖಾಲಿ ಗೋಣಿಚೀಲ. ಬಗ್ಗಿ ನೋಡಿದರೆ ಮಂಚದಡಿ ಮೂಲೆಯಲ್ಲಿ ಬೊಗ್ಗ ನಡುಗುತ್ತಿತ್ತು. ಮೂತಿ ಒದ್ದೆ, ಉಚ್ಚೆಯ ವಾಸನೆ.

"ಯಾರು ಮಾಡಿದ್ದಿದು?"

"ನಾನೇ," ಅಂದ ಮೋಹನ. "ಹೊಯ್ದಲ್ಲೇ ಮೂತಿ ಉಜ್ಜಿ ಪೊರಕೆಯ ಹಿಡಿಕಡ್ಡಿಯಲ್ಲಿ ನಾಲ್ಕು ಕೊಟ್ಟರೆ ಬುದ್ಧಿ ಬತ್ತದೆ ಅಂದ್ಕಂಡೆ. ಬರ್ಲಿಲ್ಲ. ಈಗ ಮಂಚದಡಿ ಹೋಗಿ ಹೊಯ್ತದೆ, ಕಳ್ಳ. ನಾಳೆ ಕುಮಟೆಯಲ್ಲಿ ಕೆಲಸ ಉಂಟು. ಚೀಲದಲ್ಲಿ ಹಾಕ್ಕಂಡು ಹೋಗಿ ಮೀನು ಪೇಟೆಯಲ್ಲಿ ಬಿಡ್ತೆ. ಮೀನಿನ ತಲೆ ತಿಂದ್ಕಂಡು ಬದುಕ್ತದೆ."

"ಬೆಳಿಗ್ಗೆಯಿಂದ ಎಷ್ಟು ಸಲ ಬಾಗಿಲು ತೆಗದ್ರಿ?"

ಮೋಹನ ಗೋಡೆಗೊರಗಿ ಕೂತಿದ್ದ ತಾಯಿಯ ಮುಖ ನೋಡಿದ. ಅತ್ತೆ ಮಾಸ್ತಮ್ಮ ಬಾಯಿಯ ಎಲೆಯಡಿಕೆಯ ಕವಳ ಪಕ್ಕಕ್ಕೆ ಸರಿಸಿದಳು. "ಬಾಗ್ಲು ತೆಗದ್ರೆ ಚಿರತೆ ಬತ್ತದೆ ಅಂದವಳು ನೀನೇ ಅಲ್ದಾ?"

"ಮಧ್ಯಾಹ್ನ ಹನ್ನೆರಡು ಗಂಟೆಗೆ ಚಿರತೆ ಬತ್ತದಾ ಅತ್ತೆ? ಅದಕ್ಕೂ ಡ್ಯೂಟಿ ಹಾಕಿದ್ದಾರಾ?"

"ಒಂದು ನಾಯಿಗೆ ಇಷ್ಟು ಬಾಯಿ ಎಂತಕ್ಕೆ ಮಾರಾಯ್ತಿ? ಉಚ್ಚೆ ಕಟ್ಕಳ್ಳೂಕೆ ಕಲೀಲಿ," ಅಂದ ಮೋಹನ.

ಕಟ್ಟಿಕೊಳ್ಳುವುದು! ವಿನುತಾ ಹೆಗಲ ಬ್ಯಾಗನ್ನು ಮಂಚದ ಮೇಲೆ ಕುಕ್ಕಿದಳು.

"ಹದಿನಾರು ವರ್ಷ ಕಟ್ಕಂಡಿದ್ದೆ ನಾನು! ಬೆಳಿಗ್ಗೆ ಐದೂವರೆಗೆ ಹೊರಟವಳು ಮಧ್ಯಾಹ್ನದ ತನಕ ಒಂದು ಲೋಟ ನೀರು ಕುಡೀದಿಲ್ಲ. ಎಂತಕ್ಕೆ ಅಂತ ಕೇಳಿದ್ರಾ ಒಂದಿನ? ಡ್ರೈವರು ಮರದ ಹಿಂದೆ ನಿಂತು ಬತ್ತಾರೆ. ನಾನೆಲ್ಲಿ ಹೋಗಲಿ? ಒಂದು ಸ್ಟ್ಯಾಂಡಿನ ಪಾಯಖಾನೆಗೆ ಬೀಗ, ಇನ್ನೊಂದು ಕಡೆ ಬಾಗಿಲಿಗೆ ಚಿಲಕ ಇಲ್ಲ. ಹೋದ ವರ್ಷ ಹೊನ್ನಾವರದಲ್ಲಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಬೆನ್ನು ನೋವಿಗೆ ಅಂದಿದ್ದೆ. ಬೆನ್ನಲ್ಲ, ಉಚ್ಚೆಯ ನಂಜು ಕಿಡ್ನಿಗೆ ಏರಿದ್ದು. ಕಟ್ಕಂಡು ಕಟ್ಕಂಡು ಆದದ್ದು!"

ಮೋಹನನ ಮೋರೆ ಸಣ್ಣಗಾಯಿತು. ಆದರೂ ಅಂದ, "ನಾಯಿ ಮಾತಿನ ನಡುವೆ ಅದೆಲ್ಲ ಎಂತಕ್ಕೆ?"

"ಎರಡೂ ಒಂದೇ ಮಾತು. ಬಾಗಿಲು ಹಾಕಿ ಇಡೋರು ನೀವು, ಹೊಡೆಯೋರೂ ನೀವು. ಟೈಲ್ಸಿನವರಲ್ಲವಾ, ಸಂದಿಗೆ ಇಳಿದ ವಾಸನೆ ಬರಿ ನೀರಲ್ಲಿ ಹೋಗೂದಿಲ್ಲ ಅಂತ ನಿಮಗೆ ಗೊತ್ತಿಲ್ದಾ? ವಾಸನೆ ಇದ್ದಲ್ಲೇ ಅದು ಮತ್ತೆ ಹೊಯ್ತದೆ. ಬುದ್ಧಿ ಇಲ್ದಿದ್ದು ಅದಕ್ಕಲ್ಲ."

ಅಷ್ಟಂದವಳೇ ಗೋಣಿಚೀಲ ಎಳೆದು, ಅದರಲ್ಲೇ ಮಂಚದಡಿಯ ಉಚ್ಚೆ ಒರೆಸಿ, ಹಿತ್ತಲ ತೆಂಗಿನ ಬುಡಕ್ಕೆ ಒಯ್ದು ಹಾಸಿದಳು. "ಎದ್ದ ಕೂಡಲೇ, ತಿಂದ ಕೂಡಲೇ, ಆಡಿ ದಣಿದ ಕೂಡಲೇ ಇಲ್ಲಿಗೆ ತರೂದು. ಹೊಯ್ದರೆ ಬೆನ್ನು ಸವರೂದು. ಒಳಗೆ ಹೊಯ್ದರೆ ಒರೆಸೂದು, ಅಷ್ಟೇ. ನಾಳೆ ನಾ ಬರೂ ಹೊತ್ತಿಗೆ ಮರಿ ಮನೆಯಲ್ಲಿಲ್ಲ ಅಂದ್ರೆ, ಈ ಮನೆ ಅನ್ನ ನಾ ಮುಟ್ಟೂದಿಲ್ಲ."

ಮರುದಿನ ಅವಳು ಯೂನಿಫಾರಂ ಹಾಕುವಷ್ಟರಲ್ಲಿ ಮರಿ ಎದ್ದು ನೆಲ ಮೂಸಲು ಶುರುಮಾಡಿತು. ಅವಳು ಕೈಚಾಚುವ ಮೊದಲೇ ಮಾಸ್ತಮ್ಮ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿತ್ತಲಿಗೆ ಇಳಿದಳು. ಮರಿ ಗೋಣಿ ಮೂಸಿತು, ಸುತ್ತಿತು, ಕೂತು ಕೆರೆದುಕೊಂಡಿತು.

"ಹೊಯ್ಯಾ ಹಾಳಾದ್ದೇ, ನಿನ್ನ ಒಡತಿಗೆ ಬಸ್ಸಿನ ಹೊತ್ತಾತು," ಅಂತ ಬಯ್ಯುತ್ತ ಇಬ್ಬನಿಯಲ್ಲಿ ನಿಂತಿದ್ದಳು ಮುದುಕಿ. ಆಮೇಲೆ ಇತ್ತ ತಿರುಗದೆ ಅಂದಳು: "ನಾ ಮದುವೆಯಾಗಿ ಬಂದಾಗ ಪಾಯಖಾನೆ ಇರಲಿಲ್ಲ ಹೆಣ್ಣೇ. ಕತ್ತಲಾಗೂ ತನಕ ಕಾಯಬೇಕಿತ್ತು. ಹೊಟ್ಟೆ ಕಲ್ಲಾಗ್ತಿತ್ತು. ನಿನ್ನ ಮಾವನ ಹತ್ರ ಹೇಳೂದು ಹೆಂಗೆ? ಹೇಳಲೇ ಇಲ್ಲ."

ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ಮೋಹನ ಉಜ್ಜುವುದನ್ನು ನಿಲ್ಲಿಸಿದ.

ಬೊಗ್ಗ ಗೋಣಿಯ ನಡುವೆ ಕುಕ್ಕರಿಸಿ, ಸಣ್ಣ ಧಾರೆ ಬಿಟ್ಟಿತು.

"ಆತು," ಅಂದಳು ಮಾಸ್ತಮ್ಮ, ಬಗ್ಗಿ ಅದರ ಬೆನ್ನು ಸವರುತ್ತ.

ಒಂದೇ ದಿನಕ್ಕೆ ಮರಿ ಕಲಿತುಬಿಡಲಿಲ್ಲ. ಆ ಸಂಜೆಯೇ ಮೋಹನನ ಚಪ್ಪಲಿ ಮೇಲೆ ಹೊಯ್ದಿತು. ಅವನೇ ಒಯ್ದು ತೊಳೆದ. ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ, ಮಂಡಿಯೂರಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಟೈಲ್ಸಿನ ಒಂದೊಂದೇ ಸಂದಿಯನ್ನು ಉಜ್ಜತೊಡಗಿದ. ವಿನುತಾ ಅವನ ಬೆನ್ನ ಹಿಂದೆಯೇ ದಾಟಿಹೋದಳು, ಮಾತಾಡಿಸಲಿಲ್ಲ. ಹದಿನಾರು ವರ್ಷದ ಸಿಟ್ಟು ಎರಡೇ ದಿನಕ್ಕೆ ಇಳಿಯುವಂಥದ್ದೇ?